ಮೇಲಿನೂರ ಶಾಲೆ, ಕೆಳಗಿನೂರ ಶಾಲೆ

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಾನು ಬಹಳ ಕಾಲ ಪಾಠ ಮಾಡುವ ಮೇಡಂ ಆಗಿದ್ದೆ. ಕೊನೆಯ ವರ್ಷಗಳಲ್ಲಿ ಸಿ.ಆರ್.ಪಿ. ಆದೆ. ಸಮೂಹ ಸಂಪನ್ಮೂಲ ವ್ಯಕ್ತಿ ಎಂಬುದು ಅದರ ಪೂರ್ತಿ ಹೆಸರು. ಕಚೇರಿಯಿಂದ ಹೊರಗೆ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹಂಪಾಪುರದ ಸುತ್ತಿನ ಒಂದಷ್ಟು ಸರ್ಕಾರಿ ಶಾಲೆಗಳಿಗೆ ಹೋಗಿ, ಪಾಠ ಹೇಗೆ ನಡೆಯುತ್ತಿದೆ ನೋಡಿ, ಮೇಷ್ಟ್ರುಗಳಿಗೆ ಕೈಲಾದ ನೆರವು ಕೊಟ್ಟು, ಕಂಡದ್ದನ್ನು ತಾಲ್ಲೂಕು ಕಚೇರಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು.

ಈಗ ಹುಣಸೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಹೋದ ತಿಂಗಳು ನನ್ನ ತಂಗಿಯ ಮಗಳು ಬಂದಿದ್ದಳು. ಅವಳು ಕೆ.ಆರ್. ನಗರದ ಕಡೆ ಮೇಡಂ. ಈಗ ಸಿ.ಆರ್.ಪಿ. ಪರೀಕ್ಷೆ ಬರೆದು ಇದೇ ಕೆಲಸಕ್ಕೆ ಬರುತ್ತಿದ್ದಾಳೆ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು, "ದೊಡ್ಡಮ್ಮ, ಒಂದು ಸ್ಕೂಲಿಗೂ ಇನ್ನೊಂದು ಸ್ಕೂಲಿಗೂ ಹೋಲಿಸಿ ಹೇಳಿ ಅಂತಾರೆ. ಯಾವುದು ಒಳ್ಳೇದು ಅಂತ ಹೇಗೆ ಹೇಳೋದು?" ಎಂದು ಕೇಳಿದಳು. ಬಾಯಲ್ಲಿ ಏನೋ ಹೇಳಿದೆ, ಅದು ನನಗೇ ಸರಿ ಅನ್ನಿಸಲಿಲ್ಲ. ಅವಳು ಊರಿಗೆ ಹೋದ ಮೇಲೆ ಕೂತು ಬರೆಯಲು ಶುರು ಮಾಡಿದೆ.

ನನಗೆ ಇದನ್ನು ಮೊದಲು ಕಲಿಸಿದವರು ಒಬ್ಬ ಇನ್‌ಸ್ಪೆಕ್ಟರ್. ನಾನಾಗ ಪಿರಿಯಾಪಟ್ಟಣದ ಕಡೆ, ಕೊಪ್ಪಕ್ಕೆ ಸಮೀಪದ ಒಂದು ಶಾಲೆಯಲ್ಲಿ ಹೊಸ ಮೇಡಂ. ಅವರು ಜೀಪಿಲ್ಲದೆ ಬಸ್ಸಿನಲ್ಲಿ ಬಂದರು. ಹೂವಿನ ಹಾರ, ಎಳನೀರು ಎಲ್ಲ ತಯಾರಾಗಿತ್ತು. ಅವರು ಎರಡನ್ನೂ ಮುಟ್ಟದೆ ನೇರವಾಗಿ ನನ್ನ ತರಗತಿಗೆ ಬಂದು, ಮಕ್ಕಳ ಹಿಂದೆ ನೆಲದ ಮೇಲೆ ಕೂತುಬಿಟ್ಟರು. ಪಾಠ ಮುಗಿದ ಮೇಲೆ ಅವರು ಕೇಳಿದ್ದು, "ಇವತ್ತು ಯಾರ್ಯಾರು ಬಂದಿಲ್ಲಮ್ಮ?" ಎಂದು. ಹೆಸರು ಹೇಳಿದೆ. "ಯಾಕೆ ಬಂದಿಲ್ಲ?" ಎಂದರು. ಒಬ್ಬಳಿಗೆ ಜ್ವರ, ಒಬ್ಬ ನೆಂಟರ ಮನೆಗೆ ಹೋಗಿದ್ದಾನೆ, ಇನ್ನೊಬ್ಬನದು ಗೊತ್ತಿಲ್ಲ ಎಂದೆ. "ಗೊತ್ತು ಮಾಡ್ಕೊಳ್ಳಿ. ಮಗು ಯಾಕೆ ಬಂದಿಲ್ಲ ಅಂತ ಗೊತ್ತಿರೋ ಸ್ಕೂಲು ಒಂದು, ಗೊತ್ತಿಲ್ಲದ ಸ್ಕೂಲು ಇನ್ನೊಂದು. ಮಿಕ್ಕಿದ್ದೆಲ್ಲ ಆಮೇಲೆ," ಎಂದು ಹೇಳಿ ಅವರು ಬಸ್ಸಿಗೆ ಹೊರಟುಹೋದರು.

ನಾನು ಸಿ.ಆರ್.ಪಿ. ಆಗುವ ಹೊತ್ತಿಗೆ ಕಾಲ ಬದಲಾಗಿತ್ತು. ಶಾಲೆಯ ವಿಷಯವೆಲ್ಲ ಮೊಬೈಲಿನಲ್ಲಿ ತುಂಬಬೇಕು. ಬಿಸಿಯೂಟದ ಫೋಟೊ, ಗೋಡೆಯ ಫೋಟೊ, ನಲ್ಲಿಯ ಫೋಟೊ. ಎಷ್ಟೋ ಊರುಗಳಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಕೆರೆ ಏರಿಯ ಮೇಲೆ ಸ್ಕೂಟಿ ನಿಲ್ಲಿಸಿ, ಕೈ ಮೇಲೆತ್ತಿ ನಿಂತರೆ ಫೋಟೊ ಹೋಗುತ್ತಿತ್ತು. ದನ ಮೇಯಿಸುವವರಿಗೆ ಅದೊಂದು ತಮಾಷೆ. "ಮೇಡಮ್ಮಾರು ಮಳೆ ಕರೀತಾವ್ರೆ ಕಣ್ಲಾ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೇ ಬಿದ್ದಿತ್ತು. ಹೊಸ ಪದ್ಧತಿಯನ್ನು ನಾನು ಬೈಯುವುದಿಲ್ಲ. ಮೊದಲು ಆರು ತಿಂಗಳಾದರೂ ಬಾರದಿದ್ದ ಬಿಸಿಯೂಟದ ಅಕ್ಕಿ, ಫೋನು ಬಂದ ಮೇಲೆ ಬೇಗ ಬರತೊಡಗಿತು. ಆದರೆ ಫೋನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ತೆಗೆದುಕೊಳ್ಳುತ್ತದೆ. ಅದು ಕೇಳದೇ ಇದ್ದದ್ದನ್ನು ನಾವೇ ನೋಡಬೇಕು.

ಇಷ್ಟು ಪೀಠಿಕೆ ಸಾಕು. ಹೇಳಬೇಕಾದದ್ದು ಎರಡು ಶಾಲೆಗಳ ಕತೆ. ಊರುಗಳ ಹೆಸರು ಬೇಡ, ಮೇಲಿನೂರು, ಕೆಳಗಿನೂರು ಎಂದು ಕರೆಯುತ್ತೇನೆ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಅವರಿಗೆ ಹೇಗೂ ಗೊತ್ತಾಗುತ್ತದೆ.

ಎರಡೂ ಊರುಗಳ ನಡುವೆ ಒಂದು ಕೆರೆ, ಕೆರೆ ದಾಟಿದರೆ ಒಂದು ನೀಲಗಿರಿ ತೋಪು. ಕೆಳಗಿನೂರಿಗೆ ನಾಲೆಯ ನೀರು. ಭತ್ತ, ಬಾಳೆ, ಜಮೀನಿದ್ದವರ ಮನೆಗಳು. ಮೇಲಿನೂರಿಗೆ ನಾಲೆ ಹತ್ತುವುದಿಲ್ಲ. ಮಳೆ ಬಿದ್ದರೆ ರಾಗಿ, ಹತ್ತಿ. ಸುಗ್ಗಿ ಮುಗಿದ ಮೇಲೆ ಅರ್ಧ ಊರು ಕೊಡಗಿಗೆ ಕಾಫಿ ಕೊಯ್ಲಿಗೆ ಹೋಗುತ್ತದೆ. ಎರಡು ಊರಲ್ಲೂ ಏಳನೇ ತರಗತಿಯವರೆಗೆ ಸರ್ಕಾರಿ ಶಾಲೆ ಇತ್ತು. ನಮ್ಮ ಕಡೆ ಹಳಬರು ಈಗಲೂ ಅದನ್ನು ಮಿಡ್ಲಿ ಸ್ಕೂಲು ಎನ್ನುತ್ತಾರೆ.

ಮೇಲಿನೂರ ಶಾಲೆಯ ಹೆಡ್ ಮೇಷ್ಟ್ರು ಪುಟ್ಟಸ್ವಾಮಿ. ಎತ್ತರದ ಆಳು, ಕನ್ನಡ ಮೇಷ್ಟ್ರು, ಗಟ್ಟಿ ದನಿ. ಅವರ ಶಾಲೆಯ ಮುಂದೆ ಗುಲಾಬಿ, ದಾಸವಾಳ, ಕನಕಾಂಬರ. ಒಂದು ಒಣಗಿದ ಎಲೆಯೂ ಕೆಳಗೆ ಬಿದ್ದಿರಬಾರದು. ಕೆಳಗಿನೂರ ಶಾಲೆಯ ಹೆಡ್ ಮೇಡಂ ಶೋಭಾ. ವಯಸ್ಸು ಇನ್ನೂ ನಲವತ್ತು ದಾಟಿರಲಿಲ್ಲ. ವಿಜ್ಞಾನ, ಗಣಿತ ಹೇಳಿಕೊಡುತ್ತಿದ್ದರು. ಹಳೇ ಕೊಠಡಿಯೊಂದನ್ನು ತಾವೇ ಸುಣ್ಣ ಬಳಿಸಿ, ಮಸೂರ, ಆಯಸ್ಕಾಂತ, ತಕ್ಕಡಿ ಎಲ್ಲ ಜೋಡಿಸಿ ಪ್ರಯೋಗದ ಕೋಣೆ ಮಾಡಿದ್ದರು. ಆ ಕೋಣೆಯಲ್ಲಿ ಪಿಸುಮಾತೂ ಕೇಳುತ್ತಿರಲಿಲ್ಲ. ಶೋಭಾ ಕಣ್ಣು ದೊಡ್ಡದು ಮಾಡಿದರೆ ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದರು.

ಇಬ್ಬರಿಗೂ ಪರಸ್ಪರ ಆಗಿಬರುತ್ತಿರಲಿಲ್ಲ. "ಪುಟ್ಟಸ್ವಾಮಿ ಸರ್‌ದು ಸ್ಕೂಲೋ, ಪಾರ್ಕೋ? ಮಕ್ಕಳ ಕೈಲಿ ಗಿಡಕ್ಕೆ ನೀರು ಹಾಕಿಸೋದೇ ಪಾಠ," ಎನ್ನುತ್ತಿದ್ದರು ಶೋಭಾ. ಪುಟ್ಟಸ್ವಾಮಿಯವರು, "ಆಯಮ್ಮನ ಸ್ಕೂಲಲ್ಲಿ ಮಕ್ಕಳು ನಗೋದನ್ನ ನೀವು ನೋಡಿದ್ದೀರಾ ಮೇಡಂ? ಆಸ್ಪತ್ರೆ ಥರ ಐತೆ," ಎನ್ನುತ್ತಿದ್ದರು. ತಿಂಗಳ ಸಭೆಯಲ್ಲಿ ಇಬ್ಬರೂ ಕೊಠಡಿಯ ಎರಡು ಕೊನೆಗಳಲ್ಲಿ ಕೂರುತ್ತಿದ್ದರು.

ನನ್ನ ಸೇವೆಯ ಕೊನೆಗಾಲದಲ್ಲಿ ಎರಡೂ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರು. ಕೆಳಗಿನೂರಲ್ಲಿ ಕೈ ನಡೆಯುವವರೆಲ್ಲ ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಕಳಿಸತೊಡಗಿದ್ದರು. ಮೇಲಿನೂರಲ್ಲಿ ಮಕ್ಕಳು ಇದ್ದರು, ಆದರೆ ಕಾಫಿ ಕಾಲಕ್ಕೆ ಅಪ್ಪ ಅಮ್ಮನ ಜೊತೆ ಹೋಗಿಬಿಡುತ್ತಿದ್ದರು. ದಸರಾ ರಜೆ ಮುಗಿದ ಮೇಲೆ ತಾಲ್ಲೂಕಿನ ಶಿಕ್ಷಣಾಧಿಕಾರಿ, ನಮ್ಮ ಬಿಇಒ ಸಾಹೇಬರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಅವಸರದವರು. ದಪ್ಪ ಮೈ, ಮಂಡಿ ನೋವು, ಮೆಟ್ಟಿಲು ಕಂಡರೆ ಮುಖ ಕಿವುಚುತ್ತಿದ್ದರು.

"ಆರು ಮತ್ತು ಏಳನೇ ಕ್ಲಾಸು ಎರಡು ಊರಲ್ಲೂ ನಡೆಸೋದು ಇನ್ನು ಕಷ್ಟ ಮೇಡಂ. ಒಂದು ಕಡೆ ಇಟ್ಟುಕೊಂಡು ಇನ್ನೊಂದು ಕಡೆಯ ಮಕ್ಕಳನ್ನ ಅಲ್ಲಿಗೆ ಸೇರಿಸೋಣ ಅಂತಿದ್ದೀನಿ. ನೀವು ಎರಡೂ ಶಾಲೆ ಚೆನ್ನಾಗಿ ಬಲ್ಲವರು. ಬೇಸಿಗೆ ರಜೆಗೆ ಮೊದಲು ಯಾವುದು ಉತ್ತಮ ಅಂತ ಒಂದು ಹೆಸರು ಹೇಳಿ ಸಾಕು," ಎಂದರು.

ಹೂಂ ಎಂದು ಬಂದೆ. ಸ್ಕೂಟಿಯಲ್ಲಿ ವಾಪಸ್ಸು ಬರುವಾಗ, ಇದೇನು ಅಂಥ ಕಷ್ಟದ ಕೆಲಸವಲ್ಲ ಎಂದುಕೊಂಡೆ. ಒಂದೇ ಪಾಠ ಓದಿಸುವುದು, ಒಂದೇ ಲೆಕ್ಕ ಕೊಡುವುದು, ಹಾಜರಾತಿ ನೋಡುವುದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಉತ್ತರ ಕಾಣುತ್ತದೆ.

ಹಾಗೇ ಮಾಡಿದೆ. ಲೆಕ್ಕದಲ್ಲಿ ಕೆಳಗಿನೂರಿನವರು ಎಷ್ಟೋ ಮುಂದೆ. ಓದಿ, ಅರ್ಥ ಹೇಳುವುದರಲ್ಲಿ ಮೇಲಿನೂರಿನವರು ಮುಂದೆ. ಹಾಜರಾತಿಯಲ್ಲಿ ಕೆಳಗಿನೂರು ಎಲ್ಲಾ ತಿಂಗಳೂ ಒಂದೇ ಸಮ, ಮೇಲಿನೂರು ಡಿಸೆಂಬರಿನಿಂದ ಕುಸಿಯುತ್ತಿತ್ತು. ಇದನ್ನು ಪುಟ್ಟಸ್ವಾಮಿಯವರ ಮುಂದೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು.

"ಮೇಡಂ, ಬನ್ನಿ ಇಲ್ಲಿ," ಎಂದು ಆರನೇ ತರಗತಿಗೆ ಕರೆದುಕೊಂಡು ಹೋದರು. ಖಾಲಿ ಜಾಗಗಳನ್ನು ಒಂದೊಂದಾಗಿ ತೋರಿಸಿದರು. "ಈ ಹುಡುಗ ವಿರಾಜಪೇಟೆ ಹತ್ರ ತೋಟದ ಕೂಲಿ ಲೈನ್ ಮನೇಲಿ ಅವ್ನೆ. ಅಲ್ಲಿ ಪಕ್ಕದಲ್ಲೇ ಸ್ಕೂಲೈತೆ, ಅಲ್ಲಿಯ ಮೇಷ್ಟ್ರಿಗೆ ಫೋನ್ ಮಾಡಿ ಕೂರಿಸಿಕೊಳ್ಳಿ ಅಂದಿದ್ದೀನಿ, ಹೋಗ್ತಾವ್ನೆ. ಇವಳು ಗೋಣಿಕೊಪ್ಪದ ಆಚೆ. ಅಲ್ಲಿ ಸ್ಕೂಲು ದೂರ, ತಮ್ಮನ್ನ ನೋಡ್ಕೊಂಡು ಲೈನಲ್ಲೇ ಇದ್ದಾಳೆ. ಭಾನುವಾರ ಫೋನಲ್ಲಿ ಪದ್ಯ ಹೇಳಿಸ್ತೀನಿ. ಇವರೆಲ್ಲ ಗೈರುಹಾಜರಿ. ನಾನು ಇನ್ನೇನು ಮಾಡ್ಲಿ ಹೇಳಿ. ಅವರ ಅಪ್ಪ ಅಮ್ಮ ಹೊಟ್ಟೆಗೆ ಏನ್ ಮಾಡ್ಬೇಕು?"

ನನಗೆ ಆ ಹಳೆಯ ಇನ್‌ಸ್ಪೆಕ್ಟರ್ ನೆನಪಾದರು. ಯಾಕೆ ಬಂದಿಲ್ಲ ಎಂದು ಗೊತ್ತಿರುವ ಶಾಲೆ ಇದು. ಆದರೆ ನನ್ನ ಫೋನಿನಲ್ಲಿ ಅದನ್ನು ತುಂಬುವ ಜಾಗವಿರಲಿಲ್ಲ.

ಆ ಖಾಲಿ ಜಾಗಗಳ ನಡುವೆ ಒಬ್ಬಳು ಹುಡುಗಿ ಒಂಟಿಯಾಗಿ ಕೂತಿದ್ದಳು. ಹೆಸರು ಮಂಜುಳ. ಅಪ್ಪ ಅಮ್ಮ ಕೊಡಗಿಗೆ ಹೋಗಿದ್ದರೂ ಅವಳು ಅಜ್ಜಿಯ ಜೊತೆ ಊರಲ್ಲೇ ಉಳಿದಿದ್ದಳು. ಅದು ಪುಟ್ಟಸ್ವಾಮಿಯವರು ಮನೆಗೆ ಹೋಗಿ ಗೋಗರೆದು ಮಾಡಿಸಿದ ಏರ್ಪಾಡು. ಆ ಅಜ್ಜಿಯನ್ನು ನೋಡಬೇಕು ಅನ್ನಿಸಿ, ಶಾಲೆ ಬಿಟ್ಟ ಮೇಲೆ ಹುಡುಗಿಯ ಜೊತೆ ಅವಳ ಮನೆಗೆ ಹೋದೆ.

ಅಜ್ಜಿಯ ಹೆಸರು ಕೆಂಪಮ್ಮ. ಜಗುಲಿಯ ಮೇಲೆ ಹತ್ತಿ ಬಿಡಿಸುತ್ತ ಕೂತಿದ್ದರು. "ಅವ್ವ, ಇವ್ರು ಸಿಆರ್‌ಪಿ ಮಿಸ್ಸು," ಎಂದಳು ಮಂಜುಳ. ಕೆಂಪಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಪೋಲೀಸ್ನೋರಾ?" ಎಂದರು. ಅಲ್ಲವೆಂದು ಬಿಡಿಸಿ ಹೇಳುವಷ್ಟರಲ್ಲಿ ಒಂದು ಲೋಟ ಕಾಫಿ ಬಂದಿತ್ತು.

ಶಾಲೆ ಸೇರಿಸುವ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. "ಕೆಳಗ್ಲೂರ್ಗೆ ಕಳ್ಸಿ ಅಂತೀರಂತಲ್ಲ ಮೇಡಮ್ಮಾರೆ?"

"ಇನ್ನೂ ಏನೂ ತೀರ್ಮಾನ ಆಗಿಲ್ಲಮ್ಮ. ಅಲ್ಲಿ ವಿಜ್ಞಾನ, ಲೆಕ್ಕ ಚೆನ್ನಾಗಿ ಹೇಳ್ಕೊಡ್ತಾರೆ."

"ಏಳ್ಕೊಟ್ಟಾರು ಕಣವ್ವ. ಅದ್ಕಲ್ಲ ನಾ ಏಳಾದು. ಆ ತೋಪಿನ ದಾರೀಲಿ ಎಣ್ಣೈಕ್ಳ ಕಳ್ಸಾಕಾದದಾ? ಗಂಡೈಕ್ಳಾದ್ರೆ ಸೈಕಲ್ ಹತ್ಕಂಡ್ ಓಯ್ತವೆ. ಅಲ್ಲಿಗ್ ಓಗು ಅಂದ್ರೆ ಇವ್ಳು ಮನೇಲೇ ಇರ್ಲಿ ಬುಡಿ. ಹತ್ತಿ ಬುಡಸ್ತಳೆ."

ಮಂಜುಳ ತಲೆ ತಗ್ಗಿಸಿ ಚೀಲದ ಪಟ್ಟಿಯನ್ನು ಸುತ್ತುತ್ತ ನಿಂತಿದ್ದಳು. ಕೆಂಪಮ್ಮ ಸಿಟ್ಟಿನಿಂದ ಹೇಳಿದ್ದಲ್ಲ. ನಾಳೆ ಮಳೆ ಬರಬಹುದು ಎಂದು ಹೇಳುವ ಹಾಗೆ ಹೇಳಿದ್ದರು. ಅದೇ ನನ್ನನ್ನು ಹೆಚ್ಚು ತಟ್ಟಿತು. ಎರಡು ಶಾಲೆಗಳನ್ನು ಹೋಲಿಸಿ ನಾನೊಂದು ಹೆಸರು ಹೇಳಿದರೆ, ಈ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಮೇಲಿನೂರೇ ಇರಲಿ ಎನ್ನೋಣವೆಂದು ಕೆಳಗಿನೂರಿಗೆ ಹೋದೆ. ಅಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಶಿವಣ್ಣ. ಬಾಳೆ ತೋಟ, ಟ್ರ್ಯಾಕ್ಟರು ಇದ್ದವರು. ಮಗ ಹಳದಿ ವ್ಯಾನಿನಲ್ಲಿ ಹೋಗುತ್ತಿದ್ದ, ಮಗಳು ದಿವ್ಯ ಮಾತ್ರ ಊರಿನ ಸರ್ಕಾರಿ ಶಾಲೆಯ ಆರನೇ ತರಗತಿಯಲ್ಲಿದ್ದಳು.

"ಮೇಡಂ, ಕಟ್ಟಡ ನಮ್ದು ಚೆನ್ನಾಗೈತೆ. ಟೀಚರ್ ಚೆನ್ನಾಗವ್ರೆ. ನಮ್ಮೈಕ್ಳು ಆ ಊರಿಗೆ ಓಗಾದು ಅಂದ್ರೆ ಹೆಂಗೆ? ಜನ ಏನಂತಾರೆ?" ಎಂದರು.

"ಏನಂತಾರೆ ಶಿವಣ್ಣ?"

ಅವರು ಹೆಗಲ ಮೇಲಿನ ಟವೆಲು ಕೊಡವಿದರು. ನಾನು ಕೆದಕಲಿಲ್ಲ. ಆ ಊರಿನವರು ಈ ಊರಿನ ಗದ್ದೆಗೆ ಕೂಲಿಗೆ ಬರುವವರು. ಮೇಲಿನೂರಿಗೆ ಸೇರಿಸಿದರೆ ದಿವ್ಯ ಮನೆಯಲ್ಲಿ ಉಳಿಯುತ್ತಾಳೆ ಅಥವಾ ವ್ಯಾನು ಹತ್ತುತ್ತಾಳೆ. ಕೆಳಗಿನೂರಲ್ಲೇ ವ್ಯಾನಿಗೆ ದುಡ್ಡಿಲ್ಲದವರ ಮಕ್ಕಳು ಎಲ್ಲಿಗೂ ಹೋಗುವುದಿಲ್ಲ. ಹೀಗೆ ಎರಡು ಶಾಲೆಗಳ ಒಳ್ಳೆಯದನ್ನು ಅಳೆಯಲು ಹೋದ ನನಗೆ ಎರಡು ಊರುಗಳ ಭಯ ಕಂಡಿತು.

ಆಗ ನನಗೆ ಒಂದು ಯೋಚನೆ ಬಂತು. ಇಷ್ಟು ದಿನ ಹೋಲಿಸುತ್ತಿದ್ದವರು ನಾನು, ಸಾಹೇಬರು, ಅಧ್ಯಕ್ಷರು. ದಿನಾ ಆ ಬೆಂಚಿನ ಮೇಲೆ ಕೂರುವವರನ್ನು ಯಾರೂ ಕೇಳಿರಲಿಲ್ಲ. ಕಾಫಿ ಕೊಯ್ಲು ಮುಗಿದು ಮೇಲಿನೂರಿನ ಮಕ್ಕಳು ಹಿಂತಿರುಗಿದ ಮೇಲೆ, ಒಂದು ದಿನ ಮೇಲಿನೂರಿನ ಆರು, ಏಳನೇ ತರಗತಿಯವರು ಕೆಳಗಿನೂರ ಶಾಲೆಯಲ್ಲಿ ಕೂರುವುದು, ಮರುವಾರ ಕೆಳಗಿನೂರಿನವರು ಮೇಲಿನೂರಿಗೆ ಬರುವುದು ಎಂದು ಏರ್ಪಾಡು ಮಾಡಿದೆ. ಹೋಗಿಬರಲು ಶಿವಣ್ಣನವರ ಟ್ರ್ಯಾಕ್ಟರನ್ನೇ ಕೇಳಿದೆ. ಸ್ವಲ್ಪ ಗೊಣಗಿದರೂ ಕೊಟ್ಟರು.

ಇಬ್ಬರು ಹೆಡ್ಡುಗಳಿಗೂ ಇದು ಇಷ್ಟವಿರಲಿಲ್ಲ. "ಮೇಡಂ, ಆ ಮಕ್ಕಳು ನಮ್ಮ ಲ್ಯಾಬಲ್ಲಿ ಸಾಮಾನು ಒಡೆದರೆ?" ಎಂದರು ಶೋಭಾ. "ಆ ಮಕ್ಕಳು ನಮ್ಮ ಹೂವು ಕಿತ್ತರೆ?" ಎಂದರು ಪುಟ್ಟಸ್ವಾಮಿ. ಇಬ್ಬರ ಮಾತೂ ಒಂದೇ ಅಲ್ಲವೇ ಎಂದು ನನಗೆ ಒಳಗೊಳಗೇ ನಗು.

ಸಾಮಾನೂ ಒಡೆಯಲಿಲ್ಲ, ಹೂವೂ ಕೀಳಲಿಲ್ಲ. ಎರಡೂ ಭೇಟಿ ಮುಗಿದ ಮೇಲೆ ಎಲ್ಲ ಮಕ್ಕಳನ್ನೂ ಕೆರೆ ಏರಿಯ ಕೆಳಗೆ ಹೊಂಗೆ ಮರದ ನೆರಳಲ್ಲಿ ಕೂರಿಸಿಕೊಂಡೆ. ಶೋಭಾ ಮತ್ತು ಪುಟ್ಟಸ್ವಾಮಿಯವರು ಮಕ್ಕಳ ಹಿಂದೆ ಕೂತರು. ಇದು ಪರೀಕ್ಷೆಯಲ್ಲ, ಆ ಶಾಲೆಯಲ್ಲಿ ಏನೇನು ಕಂಡಿರಿ ಹೇಳಿ ಎಂದೆ. ಮೊದಲು ಎಲ್ಲರೂ ಹುಲ್ಲು ಕೀಳುತ್ತ ಕೂತರು. ಕೊನೆಗೆ ಮೇಲಿನೂರಿನ ಒಬ್ಬ ಹುಡುಗ, "ಅಲ್ಲಿ ಸಾರು ಸಪ್ಪೆ ಮಿಸ್," ಎಂದ. ಎಲ್ಲರೂ ನಕ್ಕರು, ಮಾತು ಸುಲಭವಾಯಿತು.

"ಅಲ್ಲಿ ಆಯಸ್ಕಾಂತನ ಕೈಗೇ ಕೊಡ್ತಾರೆ ಮಿಸ್. ನಮ್ ಸ್ಕೂಲಲ್ಲಿ ಬುಕ್ಕಲ್ಲಿರೋದ್ನ ಓದ್ತೀವಿ ಅಷ್ಟೆ."

"ಅವ್ರು ಭಿನ್ನರಾಶಿನ ಕಡ್ಡಿ ಇಟ್ಟು ಮಾಡ್ತಾರೆ. ನಂಗೆ ಅವತ್ತೇ ಅರ್ಥ ಆಗಿದ್ದು."

ಪುಟ್ಟಸ್ವಾಮಿಯವರು ಕೈಕಟ್ಟಿ ಕೂತಿದ್ದರು. ಆಮೇಲೆ ಮಂಜುಳ ಎದ್ದು ನಿಂತಳು. ಅಕ್ಕಪಕ್ಕದ ಹುಡುಗಿಯರನ್ನು ಒಮ್ಮೆ ನೋಡಿ ಹೇಳಿದಳು.

"ಮಿಸ್, ಅಲ್ಲಿ ಎಣ್ಣೈಕ್ಳ ಲೆಟ್ರಿನ್ ಬಾಗ್ಲಿಗೆ ಒಳಗಡೆಯಿಂದ ಚಿಲ್ಕ ಐತೆ. ನಮ್ ಸ್ಕೂಲಲ್ಲಿ ಇಲ್ಲ. ಒಬ್ರು ಒಳಕ್ ಓದ್ರೆ ಇನ್ನೊಬ್ರು ಬಾಗ್ಲು ಇಡ್ಕೊಂಡು ನಿಂತಿರ್ತೀವಿ. ಜೊತೇಲಿ ಯಾರೂ ಇಲ್ದಿದ್ರೆ ಮನೇಗ್ ಓದ್ಮೇಲೇ ಓಗೋದು."

ಯಾರೂ ನಗಲಿಲ್ಲ. ಪುಟ್ಟಸ್ವಾಮಿಯವರು ಕಟ್ಟಿದ್ದ ಕೈ ಬಿಟ್ಟು ನೆಲ ನೋಡುತ್ತಿದ್ದರು. ಶೌಚಾಲಯ ಇದೆಯೇ ಎಂಬ ಪ್ರಶ್ನೆ ನನ್ನ ಫೋನಿನಲ್ಲಿತ್ತು, ಚಿಲಕ ಇದೆಯೇ ಎಂಬ ಪ್ರಶ್ನೆ ಇರಲಿಲ್ಲ.

ಕೆಳಗಿನೂರಿನವರ ಸರದಿ. ಅವರೂ ಮೊದಲು ಊಟದ ಸುದ್ದಿಯಿಂದಲೇ ಶುರು ಮಾಡಿದರು. ಅಲ್ಲಿ ಮೇಷ್ಟ್ರು ಮಕ್ಕಳ ಸಾಲಿನಲ್ಲೇ ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂರುತ್ತಾರೆ ಎಂದರು. ಕತೆ ಹೇಳುವಾಗ ಹುಲಿಯ ಥರ ಕೂಗುತ್ತಾರೆ ಎಂದರು. ಶಿವಣ್ಣನವರ ಮಗಳು ದಿವ್ಯ ಬಹಳ ಹೊತ್ತು ಕಾದು ಮೆಲ್ಲಗೆ ಹೇಳಿದಳು.

"ಅಲ್ಲಿ ನಾನು ಪದ್ಯ ತಪ್ಪು ಓದ್ದೆ. ಯಾರೂ ನಗಾಡ್ಲಿಲ್ಲ. ಸಾ ಕೂಡ ಬೈಲಿಲ್ಲ. ಇನ್ನೊಂದ್ಸಲ ಓದವ್ವ ಅಂದ್ರು. ಅದ್ಕೆ ಓದ್ದೆ."

ಶೋಭಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ನನ್ನ ಕ್ಲಾಸಲ್ಲಿ ಆ ಹುಡುಗಿ ಇಡೀ ವರ್ಷ ಬಾಯಿಬಿಟ್ಟಿಲ್ಲ ಮೇಡಂ. ಶಾಂತ ಸ್ವಭಾವ ಅಂದುಕೊಂಡಿದ್ದೆ," ಎಂದರು. ಹೇಳಬೇಕಾದದ್ದನ್ನು ಆ ಹುಡುಗಿಯೇ ಹೇಳಿ ಆಗಿತ್ತು.

ಮರುದಿನ ಬೆಳಿಗ್ಗೆ ಪುಟ್ಟಸ್ವಾಮಿಯವರು ಹೆಗ್ಗಡದೇವನಕೋಟೆಯಿಂದ ಚಿಲಕ, ಮೊಳೆ ತಂದು ತಾವೇ ಬಾಗಿಲಿಗೆ ಹೊಡೆದರಂತೆ. ಸ್ವಲ್ಪ ಸೊಟ್ಟಗೆ ಕೂತಿತ್ತು, ಆದರೆ ಗಟ್ಟಿಯಾಗಿತ್ತು. ಅದಕ್ಕಿಂತ ದೊಡ್ಡ ಆಶ್ಚರ್ಯ ಆ ವಾರದ ಕೊನೆಯಲ್ಲಿ. ಅವರು ಶೋಭಾಗೆ ತಾವಾಗಿ ಫೋನ್ ಮಾಡಿ, ಆ ಕಡ್ಡಿಯ ಭಿನ್ನರಾಶಿ ಹೇಗೆ ಎಂದು ಕೇಳಿದ್ದರು.

ಸಾಹೇಬರಿಗೆ ಒಂದು ಹೆಸರು ಹೇಳುವ ದಿನ ಬಂತು. ನಾನು ಹೇಳಿದೆ: "ಸರ್, ಒಂದರಲ್ಲಿ ಇರೋದು ಇನ್ನೊಂದರಲ್ಲಿ ಇಲ್ಲ. ಮಕ್ಕಳನ್ನ ಕಳಿಸೋ ಬದಲು ಮೇಷ್ಟ್ರುಗಳನ್ನ ಕಳಿಸೋಣ. ಶೋಭಾ ವಾರದಲ್ಲಿ ಎರಡು ದಿನ ಮೇಲಕ್ಕೆ ಹೋಗಿ ವಿಜ್ಞಾನ, ಗಣಿತ ಮಾಡಲಿ. ಪುಟ್ಟಸ್ವಾಮಿಯವರು ಎರಡು ದಿನ ಕೆಳಕ್ಕೆ ಬಂದು ಕನ್ನಡ, ಸಮಾಜ ಮಾಡಲಿ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಕೇಳಿದ್ದು ಒಂದು ಹೆಸರು ಮೇಡಂ. ನೀವು ಹೊಸ ಕೆಲಸ ತಂದಿದ್ದೀರಿ. ಅಷ್ಟು ಹತ್ತಿರದ ಊರು, ಮಕ್ಕಳು ನಡೆದುಹೋಗಲಿ. ನಾವೆಲ್ಲ ನಡೆದೇ ಓದಿದ್ದು."

"ಹೌದು ಸರ್. ಒಂದು ಸಲ ನೀವು ಆ ದಾರೀಲಿ ನಡೆದುನೋಡಿ, ಆಮೇಲೆ ನೀವು ಹೇಳಿದ ಹಾಗೆ."

ನಿವೃತ್ತಿಗೆ ಹತ್ತಿರವಿದ್ದ ನನಗೆ ಮೇಲಿನವರ ಮನಸ್ಸು ಕೆಡಿಸುವ ಅಗತ್ಯವಿರಲಿಲ್ಲ. ಸಾಹೇಬರು ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಆಯ್ತು, ಗುರುವಾರ," ಎಂದರು.

ಗುರುವಾರ ಅವರು ಕೆಳಗಿನೂರಿಗೆ ಬಂದು ಜೀಪನ್ನು ಅಲ್ಲೇ ಬಿಟ್ಟರು. ಶಾಲೆ ಬಿಡುವ ಹೊತ್ತು. ಹೋಗುವ ದಾರಿಗಿಂತ ಮನೆಗೆ ಮರಳುವ ದಾರಿಯೇ ತೊಂದರೆ, ಆದ್ದರಿಂದ ಆ ಹೊತ್ತನ್ನೇ ಇಟ್ಟುಕೊಂಡಿದ್ದೆ. ಮೇಲಿನೂರಿನಿಂದ ಮಂಜುಳ, ಅವಳ ಇಬ್ಬರು ಗೆಳತಿಯರು, ಕೆಂಪಮ್ಮ ಬಂದು ಕಾಯುತ್ತಿದ್ದರು. ಕೆಂಪಮ್ಮ ಸಾಹೇಬರನ್ನು ನೋಡಿ, "ಬನ್ನಿ ಸಾಮಿ, ನಿಧಾನಕ್ಕೇ ಓಗವ," ಎಂದು ಮುಂದೆ ಹೊರಟರು. ಅವರ ನಿಧಾನ ಸಾಹೇಬರಿಗೆ ಓಟವಾಗಿತ್ತು. ಕೆರೆ ಏರಿ ಹತ್ತುವಷ್ಟರಲ್ಲಿ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಏರಿಯ ಮೇಲೆ ನಿಂತು, ನೀರು ನೋಡುವ ನೆಪದಲ್ಲಿ ಸುಧಾರಿಸಿಕೊಂಡರು.

ತೋಪಿನ ದಾರಿ ಸಿಕ್ಕಿತು. ಒಳಗೆ ಹೋದಂತೆ ಊರಿನ ಸದ್ದು ಕೇಳಿಸದಾಯಿತು. ತಿರುವಿನಲ್ಲಿ ಒಂದು ಮೋರಿ ಇದೆ. ಅದರ ಮೇಲೆ ನಾಲ್ಕಾರು ಗಂಡಸರು ಬಾಟಲಿ ಇಟ್ಟುಕೊಂಡು ಇಸ್ಪೀಟು ಆಡುತ್ತಿದ್ದರು. ಅವರು ಏನೂ ಅನ್ನಲಿಲ್ಲ. ತಲೆ ಎತ್ತಿ ನೋಡಿದರು, ಅಷ್ಟೇ. ಅವರು ಕಾಣುತ್ತಲೇ ಮುಂದೆ ಹೋಗುತ್ತಿದ್ದ ಮೂವರು ಹುಡುಗಿಯರೂ, ಯಾರೂ ಏನೂ ಹೇಳದೆಯೇ, ಮಾತು ನಿಲ್ಲಿಸಿ, ರಸ್ತೆ ಬಿಟ್ಟು ಪಕ್ಕದ ಹೊಲಕ್ಕೆ ಇಳಿದರು. ಬೇಲಿಯ ಮುಳ್ಳು ಸರಿಸಿ, ಉಳುಮೆ ಮಾಡಿದ ಮಣ್ಣಿನಲ್ಲಿ ಸುತ್ತು ಹಾಕಿ, ಮೋರಿ ದಾಟಿದ ಮೇಲೆ ಮತ್ತೆ ರಸ್ತೆಗೆ ಹತ್ತಿದರು.

ಸಾಹೇಬರು ನಿಂತುಬಿಟ್ಟರು. ಹುಡುಗಿಯರನ್ನು ಸೇರಿಕೊಂಡ ಮೇಲೆ ಕೇಳಿದರು, "ಯಾಕಮ್ಮ ಕೆಳಗೆ ಇಳಿದ್ರಿ? ನಾವೆಲ್ಲ ಜೊತೇಲಿ ಇದ್ದೆವಲ್ಲ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವು ಇಳಿದದ್ದೇ ಅವರಿಗೆ ಗೊತ್ತಾಗಿರಲಿಲ್ಲವೇನೋ. "ಸೊಸೈಟಿಗೆ ರೇಷನ್ ಅಕ್ಕಿ ತರಕ್ ಬರುವಾಗ್ಲೂ ಇಂಗೇ ಬರೋದು ಸಾ," ಎಂದಳು ಮಂಜುಳ.

ಕೆಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ನಡೆದರು.

ಮೇಲಿನೂರ ಶಾಲೆಯ ಕಟ್ಟೆಯ ಮೇಲೆ ಕೂತು, ಪುಟ್ಟಸ್ವಾಮಿಯವರು ಕೊಟ್ಟ ನೀರನ್ನು ಸಾಹೇಬರು ಒಂದೇ ಗುಟುಕಿಗೆ ಕುಡಿದರು. ಮಂಡಿ ಒತ್ತಿಕೊಳ್ಳುತ್ತ, "ನನಗೂ ಇಬ್ಬರು ಹೆಣ್ಣು ಮಕ್ಕಳು ಮೇಡಂ," ಎಂದರು. ಲೋಟ ಕೆಳಗಿಟ್ಟು, "ಮಕ್ಕಳು ಬೇಡ. ಮೇಷ್ಟ್ರುಗಳೇ ಓಡಾಡಲಿ. ಒಂದು ವರ್ಷ ನೋಡೋಣ," ಎಂದರು. ಆ ತೋಪಿನ ಮೋರಿಯ ವಿಷಯವನ್ನು ಪೋಲೀಸ್ ಠಾಣೆಗೂ ತಾವೇ ಫೋನ್ ಮಾಡಿ ತಿಳಿಸಿದರು.

ಜೂನ್ ತಿಂಗಳಲ್ಲಿ ಹೊಸ ಏರ್ಪಾಡು ಶುರುವಾಯಿತು. ಎಲ್ಲ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಶೋಭಾ ಮೇಲಿನೂರಿಗೆ ಹೋದ ಮೊದಲ ದಿನ ಮಕ್ಕಳು ಎಷ್ಟು ಮಾತಾಡಿದರೆಂದರೆ, ಅವರಿಗೆ ತಲೆನೋವು ಬಂದು ಮಧ್ಯಾಹ್ನ ಮಾತ್ರೆ ನುಂಗಿದರಂತೆ. ಪುಟ್ಟಸ್ವಾಮಿಯವರು ಕೆಳಗಿನೂರಲ್ಲಿ ಹುಲಿಯ ಕತೆ ಹೇಳಿದಾಗ ಮಕ್ಕಳು ಕೈಕಟ್ಟಿ ಕೂತೇ ಇದ್ದರು, ಒಬ್ಬರೂ ನಗಲಿಲ್ಲ. "ಕಲ್ಲಿಗೆ ಕತೆ ಹೇಳ್ದಂಗಾಯ್ತು," ಎಂದು ನನಗೆ ದೂರಿದರು. ಮಳೆಗಾಲದಲ್ಲಿ ಶೋಭಾ ಅವರ ಸ್ಕೂಟಿ ಕೆರೆ ಏರಿಯ ಕೆಸರಿನಲ್ಲಿ ಜಾರಿಬಿತ್ತು. ಮೊಣಕೈ ತರಚಿಕೊಂಡು ಒದ್ದೆಯಾಗಿ ಮೇಲಿನೂರಿಗೆ ಬಂದರು. ಕೆಂಪಮ್ಮ ಮನೆಗೆ ಕರೆದೊಯ್ದು ಅರಿಶಿನ ಹಚ್ಚಿ, ತಮ್ಮದೇ ಒಂದು ಸೀರೆ ಉಡಿಸಿ ತರಗತಿಗೆ ಕಳಿಸಿದರು. ಆ ಸೀರೆಯಲ್ಲಿ ಪಾಠ ಮಾಡಿದ ದಿನ ಮಕ್ಕಳು ತಮ್ಮ ಮಾತನ್ನು ಮೊದಲ ಸಲ ಪೂರ್ತಿ ಕೇಳಿದರು ಎಂದು ಶೋಭಾ ಹೇಳುತ್ತಾರೆ. ದೀಪಾವಳಿಯ ಹೊತ್ತಿಗೆ ಅವರು ಎರಡೂ ಶಾಲೆಗಳಲ್ಲಿ ಮಕ್ಕಳ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದರು. ಪುಟ್ಟಸ್ವಾಮಿಯವರ ಹುಲಿಗೆ ಕೆಳಗಿನೂರಲ್ಲಿ ದಿವ್ಯಳೇ ಮೊದಲು ಕಿರುಚಿದ್ದಂತೆ.

ಆ ವರ್ಷದ ನಡುವೆ ನಾನು ನಿವೃತ್ತಳಾದೆ. ತಾಲ್ಲೂಕು ಕಚೇರಿಯಲ್ಲಿ ಶಾಲು ಹೊದಿಸಿದರು. ಸಾಹೇಬರು ಎರಡು ಮಾತಾಡಿ, ಮೂರನೆಯದಾಗಿ, "ನಮ್ಮ ಮೇಡಂ ನನ್ನ ಮಂಡಿ ಹಾಳು ಮಾಡಿದವರು," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗ ನನ್ನ ತಂಗಿಯ ಮಗಳ ಪ್ರಶ್ನೆಗೆ ಬರುತ್ತೇನೆ. ಶಾಲೆಗಳನ್ನು ಹೋಲಿಸಬೇಡಿ ಎಂದು ನಾನು ಹೇಳುವುದಿಲ್ಲ. ಹೋಲಿಸದಿದ್ದರೆ ಭಿನ್ನರಾಶಿಯ ಕಡ್ಡಿ ಕೆಳಗಿನೂರಲ್ಲೇ ಉಳಿಯುತ್ತಿತ್ತು, ಹುಲಿ ಮೇಲಿನೂರಲ್ಲೇ ಉಳಿಯುತ್ತಿತ್ತು. ಹೋಲಿಸಿ, ಆದರೆ ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸುವುದಕ್ಕೆ ಹೋಲಿಸಬೇಡಿ. ಹೋದ ಕಡೆಯೆಲ್ಲ ಮಕ್ಕಳನ್ನು ಕೇಳಿ. ಅವರು ಮೊದಲು ಸಾರಿನ ಮಾತಾಡುತ್ತಾರೆ. ಕಾಯಿರಿ. ಆಮೇಲೆ ಇನ್ನೊಂದು ಮಾತು ಬರುತ್ತದೆ.

ನಿವೃತ್ತಿಯಾದ ಮೇಲೆ, ಆ ಚಳಿಗಾಲದ ಒಂದು ಸಂಜೆ ಹುಣಸೂರಿನ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಪುಟ್ಟಸ್ವಾಮಿಯವರ ಫೋನು ಬಂತು. ತಾಲ್ಲೂಕು ಮಟ್ಟದ ವಿಜ್ಞಾನ ವಸ್ತು ಪ್ರದರ್ಶನದಲ್ಲಿ ಮಂಜುಳಳಿಗೆ ಮೊದಲ ಬಹುಮಾನ ಬಂದಿತ್ತು. ಎರಡು ತಟ್ಟೆಯಲ್ಲಿ ಅವಳ ಹೊಲದ ಮಣ್ಣು, ಒಂದರಲ್ಲಿ ಹುಲ್ಲು ಬೆಳೆಸಿ, ಒಂದನ್ನು ಬರಿದು ಬಿಟ್ಟು, ನೀರು ಸುರಿದು ಯಾವ ಮಣ್ಣು ಕೊಚ್ಚಿಹೋಗುತ್ತದೆ ಎಂದು ತೋರಿಸಿದ್ದಳು. "ನಮ್ಮ ಹುಡುಗಿ ಮೇಡಂ. ಏನು ಮಾತು, ಏನು ಧೈರ್ಯ. ಅಷ್ಟು ಜನರ ಮುಂದೆ ಒಂದು ಕಡೇನೂ ತಡವರಿಸಲಿಲ್ಲ. ವಾರಗಟ್ಟಲೆ ಮಾತಾಡಿಸಿದ್ದೀನಿ ನಾನು," ಎಂದರು.

ಅವರು ಫೋನಿಟ್ಟು ಸ್ವಲ್ಪ ಹೊತ್ತಿಗೆ ಶೋಭಾ ಅವರ ಫೋನು. "ಮೇಡಂ, ಸುದ್ದಿ ಗೊತ್ತಾಯ್ತಾ? ನಮ್ಮ ಮಂಜುಳ. ಆ ಪ್ರಯೋಗ ಮೂರು ಸಲ ಕೆಟ್ಟಿತ್ತು. ಬಿಡಬೇಡ ಅಂತ ಮತ್ತೆ ಮತ್ತೆ ಮಾಡಿಸಿದೆ. ಪುಟ್ಟಸ್ವಾಮಿ ಸರ್ ಏನಾದರೂ ಫೋನ್ ಮಾಡಿದ್ರಾ? ತಮ್ಮ ಸ್ಕೂಲು ಅಂತ ಹೇಳ್ಕೊಂಡಿರ್ತಾರೆ ನೋಡಿ," ಎಂದರು.

ನಗು ತಡೆದುಕೊಂಡು ಕೆಂಪಮ್ಮನ ಮನೆಗೆ ಫೋನ್ ಮಾಡಿದೆ. ಹುಡುಗಿಯೇ ಎತ್ತಿಕೊಂಡಳು. ಹಿಂದಿನಿಂದ ಕೆಂಪಮ್ಮ, "ಯಾರು, ಪೋಲೀಸ್ ಮೇಡಮ್ಮಾರಾ? ನಾಳಿದ್ದು ಊಟಕ್ಕೆ ಬರಾಕ್ ಏಳು," ಎನ್ನುತ್ತಿದ್ದರು. ಶಾಭಾಸ್ ಎಂದು ಹೇಳಿ ಕೇಳಿದೆ, "ವೇದಿಕೆ ಮೇಲೆ ಯಾವ ಸ್ಕೂಲು ಅಂತ ಕೇಳಿರಬೇಕಲ್ಲ, ಏನ್ ಹೇಳ್ದೆ?"

ಅವಳು ದನಿ ತಗ್ಗಿಸಿದಳು.

"ಮೇಲಿನೂರು ಅಂತ್ಲೇ ಏಳ್ದೆ ಮಿಸ್. ಶೋಭಾ ಮಿಸ್ಸು ಫೋಟೊ ತಗಿಯಾಕೆ ಆಚೆ ಓಗಿದ್ರು, ಕೇಳಿಸ್ಕೊಂಡಿಲ್ಲ. ನೀವೂ ಏಳ್ಬೇಡಿ, ಬೇಜಾರ್ ಮಾಡ್ಕತಾರೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇವತ್ತಿನವರೆಗೂ ಹೇಳಿಲ್ಲ.